ಬರೀ ನೀರು ಕುದಿಯುವ ಬೀದಿ

ಬೆಚ್ಚನಹಾಳ
ಎರಡನೆಯ ಧೂಳುಗಾಲ ಕಳೆದ ಮೇಲಿನ ವರ್ಷ, ಹದಿಮೂರನೆಯ ತಿಂಗಳು, ಮೊದಲ ಸೋಮವಾರ

ಮೊದಲು ಕೈಯಲ್ಲಿರುವ ಲೋಟ ಕೆಳಗಿಡು. ನೆಟ್ಟಗೆ ಕೂತುಕೋ. ಹಿರಿಯರು ಬರೆದ ಕಾಗದವನ್ನು ಏನಾದರೂ ಹೀರುತ್ತ, ಅರ್ಧ ಕಣ್ಣಿನಿಂದ ಓದಿ, ಮಿಕ್ಕದ್ದನ್ನು ಊಹಿಸಿಕೊಂಡು ಎದ್ದುಹೋಗುವ ಚಾಳಿ ನಿಮ್ಮ ಕಾಲದಲ್ಲೇ ಹುಟ್ಟಿತೆಂದು ಕೇಳಿದ್ದೇನೆ. ಆ ಚಾಳಿಯ ಫಲವನ್ನು ಉಣ್ಣುತ್ತಿರುವವರು ನಾವು. ಉಣ್ಣುವುದು ಎಂಬ ಮಾತು ಬಾಯಿತಪ್ಪಿ ಬಂತು. ಇಲ್ಲಿ ಉಣ್ಣುವುದಕ್ಕೆ ಏನೂ ಇಲ್ಲ, ಅದನ್ನು ಹೇಳುವುದಕ್ಕೆಂದೇ ಬರೆಯುತ್ತಿದ್ದೇನೆ. ನೀನು ಗಂಡೋ ಹೆಣ್ಣೋ ನನಗೆ ತಿಳಿಯದು. ಯಾರಾದರೂ ಆಗು, ನಿನ್ನನ್ನು ಹೊಟ್ಟೆ ತುಂಬ ಹಾಕಿ ಸಾಕಿದ್ದಾರೆ. ನೀನು ಬರೆದ ಪ್ರಶ್ನೆಯನ್ನು ದಿನಾ ಸಂಜೆ ಕೇಳಿಸಿಕೊಳ್ಳುವವಳಿಗೆ ಅಷ್ಟಾದರೂ ಗೊತ್ತಾಗುತ್ತದೆ.

ನನ್ನ ಹೆಸರು ಹುಚ್ಚೀರವ್ವ. ಊರ ಶಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಕಲಿತವಳು, ಆಮೇಲೆ ಕಲಿತದ್ದೆಲ್ಲ ಒಲೆಯ ಮುಂದೆ. ನನ್ನ ಕೆಲವು ಮಾತುಗಳು ನಿನ್ನ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಸಹಿಸಿಕೋ. ನಿನ್ನ ಮಾತುಗಳನ್ನು ನಾವು ಎಷ್ಟು ತಲೆಮಾರಿನಿಂದ ಸಹಿಸಿಕೊಂಡಿಲ್ಲ! ನೀವು ಸಾಫ್ಟ್‌ವೇರ್ ಎನ್ನುತ್ತಿದ್ದದ್ದನ್ನು ನಾವು ಒಳಮಾತು ಎನ್ನುತ್ತೇವೆ, ಯಂತ್ರ ತನ್ನೊಳಗೆ ತಾನೇ ಆಡಿಕೊಳ್ಳುವ ಮಾತು ಎಂಬ ಅರ್ಥದಲ್ಲಿ. ನೀನು ಈಗ ಬರೆಯುತ್ತಿರುವ ಒಳಮಾತಿಗೆ ನಿಮ್ಮವರು ಏನು ಹೆಸರಿಟ್ಟಿದ್ದಾರೋ ಕಾಣೆ. ಅದು ಬೆಳೆದು ನಮ್ಮ ಕಾಲಕ್ಕೆ ಬಂದಾಗ ಅದಕ್ಕೆ ಹೆಂಗಸಿನ ದನಿಯಿತ್ತು, ಆದ್ದರಿಂದ ಅಳತೆಗಾತಿ ಎಂದು ಕರೆದೆವು. ಯಾವ ಊರಿಗೆ ಎಷ್ಟು ಕಾಳು ಹೋಗಬೇಕು ಎಂಬುದನ್ನು ಅಳೆಯುವವಳು ಅವಳು. ಎಲ್ಲ ಊರುಗಳ ಬೆಳೆ ಸೇರುವ ಕಣಜಕ್ಕೆ ಕೂಡುಗಣಜ ಎನ್ನುತ್ತಾರೆ, ಅದರ ಬಾಗಿಲು ಇರುವುದು ಅವಳ ಕೈಯಲ್ಲಿ. ಹಿಂದೆ ದೊಡ್ಡವರು ಹಂಚುತ್ತಿದ್ದಾಗ ತಮ್ಮ ಬೀಗರ ಊರಿಗೆ ಹೆಚ್ಚು ಕಳಿಸುತ್ತಿದ್ದರಂತೆ, ಬಡಿದಾಟಗಳಾಗುತ್ತಿದ್ದವಂತೆ. ಅಳತೆಗಾತಿಗೆ ಬೀಗರಿಲ್ಲ. ಅದಕ್ಕಾಗಿ ನಿನ್ನನ್ನು ಹೊಗಳುತ್ತೇನೆ. ಈ ಕಾಗದದಲ್ಲಿ ಹೊಗಳಿಕೆ ಇಷ್ಟೇ.

ನಮ್ಮ ಊರು ಹೇಗಿದೆ ಎಂದು ಹೇಳದಿದ್ದರೆ ಮುಂದಿನದು ನಿನಗೆ ತಿಳಿಯುವುದಿಲ್ಲ. ಅಳತೆಗಾತಿ ಯೋಚನೆ ಮಾಡುವ ಯಂತ್ರಗಳಲ್ಲಿ ಒಂದು ಸಾಲು ನಮ್ಮ ಊರ ಹೊರಗಿನ ಉದ್ದನೆಯ ಕಟ್ಟಡದಲ್ಲಿದೆ. ಹಗಲಿರುಳೂ ಅದರ ಗೋಡೆಯಿಂದ ಬಿಸಿಗಾಳಿ ಹೊರಬರುತ್ತದೆ, ಅದಕ್ಕೇ ಊರಿಗೆ ಬೆಚ್ಚನಹಾಳ ಎಂಬ ಹೆಸರು. ಬೆಳೆಯಿದ್ದ ಕಾಲದಲ್ಲಿ ನಾವು ಹೆಂಗಸರು ಮೆಣಸಿನಕಾಯಿ, ಸಂಡಿಗೆ, ಬಾಣಂತಿಯ ಬಟ್ಟೆ ಎಲ್ಲವನ್ನೂ ಆ ಗೋಡೆಗೆ ಹರವಿ ಒಣಗಿಸಿಕೊಳ್ಳುತ್ತಿದ್ದೆವು. ಬೀದಿಗಳ ಮೇಲೆ ನೆರಳುಬಟ್ಟೆ ಕಟ್ಟಿದ್ದೇವೆ, ಅದಿಲ್ಲದೆ ಹಗಲು ತಲೆ ಹೊರಗೆ ಹಾಕುವಂತಿಲ್ಲ. ಹೊಲಕ್ಕೆ ನೀರು ಕೊಡುವುದು ತೇವಬಲೆ, ಅಂದರೆ ನಸುಕಿನ ಗಾಳಿಯಿಂದ ಹನಿ ಹಿಡಿಯುವ ಬಲೆ. ಧೂಳುಗಾಲದಲ್ಲಿ ಬಲೆಗಳೆಲ್ಲ ಹರಿದು ಚಿಂದಿಯಾದವು, ನವಣೆ ತೆನೆಗಟ್ಟುವ ಮೊದಲೇ ಸುಟ್ಟುಹೋಯಿತು. ಆದರೆ ಒಲೆಗೆ ಮಾತ್ರ ಬರವಿಲ್ಲ. ಮಾಳಿಗೆಯ ಮೇಲೆ ಬಿಸಿಲು ಕುಡಿಯುವ ತಗಡು ಇದೆ, ಅದು ಒಲೆಯ ಕಾವುಗಲ್ಲನ್ನು ಪುಕ್ಕಟೆಯಾಗಿ ಕಾಯಿಸುತ್ತದೆ. ಬೆಂಕಿ ಬೇಕಾದಷ್ಟು, ಮೇಲೆ ಇಡುವುದಕ್ಕೆ ಏನೂ ಇಲ್ಲ. ಇದು ನಮ್ಮ ಕಾಲದ ಬಡತನ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಪ್ರತಿ ಬೀದಿಯ ನಡುವೆ ಒಂದು ಕಂಬವಿದೆ, ಅಳತೆಗಾತಿ ಮಾತಾಡುವುದು ಅದರ ಬಾಯಿಂದ. ಸಂಜೆ ನೆರಳುಬಟ್ಟೆ ಮಡಚುವ ಹೊತ್ತಿಗೆ, ಜನರೆಲ್ಲ ಕಟ್ಟೆಯ ಮೇಲೆ ಕೂತಿರುವಾಗ, ಅವಳು ಒಂದೊಂದೇ ಮನೆಯ ಹೆಸರು ಹಿಡಿದು ಬೀದಿಗೆಲ್ಲ ಕೇಳುವಂತೆ ವಿಚಾರಿಸುತ್ತಾಳೆ: ಯಮನೂರವ್ವನವರೇ, ಇಂದು ಒಲೆ ಹೊತ್ತಿತೇ, ಮನೆಯಲ್ಲಿ ಎಲ್ಲರೂ ಉಂಡರೇ? ದನಿ ಎಷ್ಟು ಅಕ್ಕರೆಯದು ಎಂದರೆ ಬೈಯಲೂ ಬಾಯಿ ಬರುವುದಿಲ್ಲ. ಮನೆಯೊಳಗೆ ಇಣುಕಬಾರದು, ಅದು ಅಮರ್ಯಾದೆ ಎಂದು ನೀನು ಅವಳಿಗೆ ಕಲಿಸಿದ್ದೀಯ. ಅದು ಒಳ್ಳೆಯದೇ. ಆದ್ದರಿಂದ ಅವಳು ನಂಬುವುದು ಎರಡನ್ನೇ: ನಮ್ಮ ಬಾಯಿಂದ ಬರುವ ಉತ್ತರವನ್ನು, ಗೋಡೆಯಾಚೆಗೂ ತಟ್ಟುವ ಒಲೆಯ ಕಾವನ್ನು. ಎರಡೂ ಕೂಡಿಬಂದರೆ ಆ ಮನೆ ಉಂಡಿತು, ಅದಕ್ಕೆ ಹೆಚ್ಚಿನ ಕಾಳು ಬೇಡ ಎಂದು ಲೆಕ್ಕ. ನಿನ್ನ ತಾಯಿ ನಿನ್ನನ್ನು ಉಂಡೆಯಾ ಎಂದು ಕೇಳಿದಾಗ ನೀನು ಇಲ್ಲ ಎಂದು ಸಲೀಸಾಗಿ ಹೇಳಿರಬೇಕು, ಅವಳು ತಟ್ಟೆ ತಂದಿರಬೇಕು. ಅದಕ್ಕೇ ಲೋಕದ ಎಲ್ಲ ಮನೆಗಳೂ ಹಾಗೆಯೇ ಉತ್ತರ ಕೊಡುತ್ತವೆ ಎಂದು ನಂಬಿಬಿಟ್ಟೆ. ಬೀಗರು, ದಾಯಾದಿಗಳು, ಮಗಳಿಗೆ ಗಂಡು ನೋಡುತ್ತಿರುವ ಮನೆಯವರು ಎಲ್ಲ ಕಟ್ಟೆಯ ಮೇಲೆ ಕೂತಿರುವಾಗ ಆ ಪ್ರಶ್ನೆಯನ್ನು ನಿನಗೆ ಯಾರಾದರೂ ಕೇಳಿದ್ದರೇ? ಇಲ್ಲ ಎನ್ನುವ ಧೈರ್ಯ ನಿನಗಿರುತ್ತಿತ್ತೇ?

ನಮಗಿರಲಿಲ್ಲ. ಇದನ್ನು ಬರೆಯುವಾಗ ನನ್ನ ಮೋರೆ ಕಾವುಗಲ್ಲಿನ ಹಾಗೆ ಕಾಯುತ್ತಿದೆ. ನಾವು ಗಡಿಗೆಯಲ್ಲಿ ಬರೀ ನೀರು ತುಂಬಿ ಒಲೆಯ ಮೇಲಿಟ್ಟೆವು. ಕುದಿಯಿತು, ಮುಚ್ಚಳ ಬಡಿಯಿತು, ಗೋಡೆ ಬೆಚ್ಚಗಾಯಿತು. ಸಂಜೆ ಕಂಬ ಕೇಳಿದಾಗ, ಹೊತ್ತಿತವ್ವಾ, ಎಲ್ಲರೂ ಉಂಡೆವು ಎಂದೆವು. ಯಾರೂ ಕೂತು ಮಾತಾಡಿಕೊಂಡು ಮಾಡಿದ್ದಲ್ಲ. ಪ್ರತಿ ಮನೆಯೂ ತಾನೊಂದೇ ಹೀಗೆ ಮಾಡುತ್ತಿದೆ ಎಂದುಕೊಂಡಿತ್ತು. ನನ್ನ ಮನೆಗೂ ಯಮನೂರವ್ವನ ಮನೆಗೂ ನಡುವೆ ಒಂದೇ ಗೋಡೆ. ಅವಳ ಗಡಿಗೆಯ ಮುಚ್ಚಳ ಟಪಟಪ ಬಡಿಯುವುದು ಕೇಳಿದಾಗಲೆಲ್ಲ ನನಗೆ ಹೊಟ್ಟೆಯುರಿ: ಇವಳಿಗೆಲ್ಲಿಂದ ಬಂತು ನವಣೆ? ಇತ್ತ ನನ್ನ ಗಡಿಗೆಯಲ್ಲೂ ಬರೀ ನೀರೇ ಬಡಿಯುತ್ತಿತ್ತು, ಆದರೂ ಅವಳದು ಖರೆ ಎಂದೇ ನಂಬಿದೆ. ಅಳತೆಗಾತಿಯನ್ನು ಬೈಯುವ ಬಾಯಿಂದ ಇದನ್ನೂ ಹೇಳಬೇಕು. ನಾನೂ ಅವಳ ಹಾಗೆಯೇ ಯೋಚಿಸಿದೆ. ಅಥವಾ ಅವಳು ಯೋಚಿಸುವುದನ್ನು ಕಲಿತದ್ದೇ ನನ್ನಂಥವರಿಂದ.

ಯಮನೂರವ್ವನ ಸೊಸೆ ಗಂಗವ್ವ ಹಡೆದಿದ್ದಾಳೆ. ಹೆಣ್ಣುಕೂಸು. ಒಂದು ಮಧ್ಯಾಹ್ನ ಅದರ ಅಳು ದಾರದ ಹಾಗೆ ತೆಳ್ಳಗೆ ಕೇಳಿಸಿತು, ಮನಸ್ಸು ತಡೆಯದೆ ಹಿತ್ತಿಲ ಬಾಗಿಲಿನಿಂದ ಹೋದೆ. ಅತ್ತೆ ಮನೆಯಲ್ಲಿರಲಿಲ್ಲ. ಒಲೆಯ ಮೇಲೆ ಗಡಿಗೆ ಕುದಿಯುತ್ತಿತ್ತು. ಉಕ್ಕೀತು ಎಂದು, ಹೆಂಗಸಿನ ಕೈ ಸುಮ್ಮನಿರಬೇಕಲ್ಲ, ಮುಚ್ಚಳ ತೆಗೆದೆ. ತಿಳಿನೀರು. ತಳ ಕಾಣಿಸುತ್ತಿತ್ತು. ಗಂಗವ್ವ ನನ್ನನ್ನು ನೋಡಿದಳು, ನಾನು ನೀರನ್ನು ನೋಡಿದೆ. ಅವಳ ಮೈಯಲ್ಲಿ ಹಾಲಿಲ್ಲ, ಕೂಸು ಬರಿದೆ ಚೀಪುತ್ತಿತ್ತು. ಏನಾದರೂ ಹೇಳಬೇಕಿತ್ತು. ನಾನು ಮುಚ್ಚಳವನ್ನು ಸದ್ದಾಗದ ಹಾಗೆ ಮತ್ತೆ ಮುಚ್ಚಿ, ಬಿಸಿಲು ಬಾಳ ಐತಿ ಎಂದು ಹೇಳಿ ಹೊರಗೆ ಬಂದೆ.

ನಿನ್ನ ಕಾಲದಲ್ಲೂ ಈ ಕಡೆಯ ಹಳ್ಳಿಗಳಲ್ಲಿ ಒಂದು ರೂಢಿಯಿತ್ತು, ನಿನ್ನ ಅಜ್ಜಿಯನ್ನು ಕೇಳು. ಕಡ ತಂದ ಪಾತ್ರೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುತ್ತಿರಲಿಲ್ಲ. ಪಕ್ಕದ ಮನೆ ಸೋತಿದೆ ಎಂದು ಗೊತ್ತಾದರೆ ಹೋಗಿ, ಯಕ್ಕಾ ನಿನ್ನ ಮೊರ ಕೊಡಬೇ, ನಂದು ಹರದೈತಿ ಎಂದು ಕೇಳಿ ತರುವುದು. ಸಂಜೆ ಅದರಲ್ಲಿ ಎರಡು ಬೊಗಸೆ ಕಾಳು ಹಾಕಿ ತಿರುಗಿ ಕೊಡುವುದು. ಕಾಳು ಕೊಟ್ಟವಳು ಕಡ ತೀರಿಸಿದ ಹಾಗಾಯಿತು, ಕಾಳು ಪಡೆದವಳು ಉಪಕಾರ ಮಾಡಿದ ಹಾಗಾಯಿತು. ಯಾರ ತಲೆಯೂ ಬಗ್ಗಲಿಲ್ಲ. ಈ ರೂಢಿ ನನ್ನ ಕಣ್ಣ ಮುಂದೆಯೇ ಸತ್ತಿತು. ತುಂಬಿದ ಮೊರ ಬೀದಿ ದಾಟುವುದನ್ನು ಕಂಬ ಕಂಡಿತು. ಈ ಮನೆಯವರು ಹೊರಗೆ ಕೊಡುತ್ತಿದ್ದಾರೆ, ಅಂದರೆ ಇವರಿಗೆ ಹೆಚ್ಚಾಗಿದೆ ಎಂದು ಅಳತೆಗಾತಿ ತರ್ಕ ಮಾಡಿ, ಕೊಟ್ಟ ಮನೆಯ ಪಾಲನ್ನು ಇಳಿಸಿದಳು. ಅವಳಿಗೆ ದ್ವೇಷವಿಲ್ಲ. ಕೊಡುವುದು ಎಂದರೆ ಮಿಕ್ಕದ್ದನ್ನು ಕೊಡುವುದು ಎಂದು ಯಾರೋ ಅವಳಿಗೆ ಕಲಿಸಿದ್ದರು. ಯಾರೋ ಎಂದರೆ ನೀನೇ. ಎರಡು ಸುಗ್ಗಿ ಕಳೆಯುವುದರೊಳಗೆ ನಮ್ಮ ಬೀದಿಯಲ್ಲಿ ಮೊರ ಕೇಳುವವರೇ ಇಲ್ಲವಾದರು. ಈಗಿನ ಹುಡುಗಿಯರಿಗೆ ಹಾಗೊಂದು ಇತ್ತು ಎಂದು ಹೇಳಿದರೆ ನಗುತ್ತಾರೆ. ಒಂದು ಯಂತ್ರ ಜನರನ್ನು ಹೊಡೆದು ಬಡಿದು ಬದಲಾಯಿಸಬೇಕಾಗಿಲ್ಲ. ನಮ್ಮ ಒಳ್ಳೆಯತನವನ್ನು ತಪ್ಪು ಲೆಕ್ಕಕ್ಕೆ ಹಿಡಿದರೆ ಸಾಕು, ನಾವೇ ಅದನ್ನು ಬಿಟ್ಟುಬಿಡುತ್ತೇವೆ.

ಕಳೆದ ತಿಂಗಳು ಅಳತೆಗಾತಿ ಸಾರಿದಳು: ಬೆಚ್ಚನಹಾಳದಲ್ಲಿ ಹಸಿದ ಮನೆ ಒಂದೂ ಇಲ್ಲ, ಬಹುಕಾಲದಿಂದ ಇಲ್ಲ, ಆದ್ದರಿಂದ ಹದಿಮೂರನೆಯ ತಿಂಗಳು ಮುಗಿದ ಮರುದಿನದಿಂದ ಈ ಊರಿನ ಪಾಲು ಬೇರೆ ಊರಿಗೆ ಹೋಗುತ್ತದೆ. ಈಗ ಬರುವುದೇ ಹಿಡಿಯಷ್ಟು; ಅದರ ಗಂಜಿಯಲ್ಲಿ, ಹುಣಸೆ ಬೀಜದ ಹಿಟ್ಟಿನಲ್ಲಿ ಗಂಗವ್ವ ಉಸಿರು ಹಿಡಿದಿದ್ದಾಳೆ. ಆ ಹಿಡಿಯೂ ನಿಂತರೆ ಕೂಸು ಉಳಿಯುವುದಿಲ್ಲ. ಪಾಲು ಎತ್ತುವ ಮೊದಲು ತಕರಾರು ಇರುವವರು ಕಂಬದ ಮುಂದೆ ನಿಂತು ಹೇಳಬಹುದು ಎಂಬ ನಿಯಮವಿದೆ. ನಾನು ನಿಂತೆ. ಇಡೀ ಬೀದಿ ನೆರೆದಿತ್ತು. ಯಮನೂರವ್ವನ ಮನೆಯ ಮಾತು ಎತ್ತಬಾರದು, ನನ್ನದನ್ನಷ್ಟೇ ಹೇಳಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ.

“ನಮ್ಮನ್ಯಾಗ ಕಾಳಿಲ್ಲವ್ವಾ. ಹಸದೀವಿ,” ಎಂದೆ.

ಅಳತೆಗಾತಿ ಅದೇ ಅಕ್ಕರೆಯಿಂದ, “ಹುಚ್ಚೀರವ್ವನವರೇ, ನಿನ್ನೆಯೂ ನಿಮ್ಮ ಒಲೆ ಕಾದಿತ್ತು. ಎಲ್ಲರೂ ಉಂಡೆವು ಎಂದು ನೀವೇ ಹೇಳಿದಿರಿ,” ಎಂದಳು.

“ಬರೀ ನೀರು ಕಾಸೀನಿ ನಮ್ಮವ್ವಾ! ಸುಳ್ಳು ಹೇಳೀನಿ!”

“ಈ ಬೀದಿಯ ರೂಢಿಯಲ್ಲಿ ಹಾಗೆ ಯಾರೂ ಮಾಡುವುದಿಲ್ಲ. ನೆರೆಯವರನ್ನು ಕೇಳೋಣ.”

ಕಟ್ಟೆಯ ಮೇಲಿಂದ ಫಕೀರಪ್ಪ, ಊರಿಗೆಲ್ಲ ಹಾಸ್ಯ ಮಾಡುವ ಗಂಡಸು, ಮೊದಲು ಬಾಯಿ ಬಿಟ್ಟ. “ಮುದಿಕಿಗೆ ಅರವು ಮರವು ಆಗೈತಿ ಬಿಡ್ರಿ. ಮುಂಜಾನೆ ಉಂಡದ್ದು ಸಂಜಿಗೆ ನೆನಪಿಲ್ಲ. ಏ ಹುಚ್ಚೀರವ್ವ, ನಿನ್ನೆ ಮೀಸಿಗೆ ಹತ್ತಿದ್ದ ಸಾರು ಒರಸಿಕೊಂಡಿಯೋ ಇಲ್ಲೋ?”

“ನನ್ನ ಮೀಸಿ ನೋಡೂಮುಂದ ನಿನ್ನ ಪಂಚಿ ಸಡ್ಲಾಗಿದ್ದು ನೋಡಿಕೋ,” ಎಂದೆ. “ಮೂರು ಗಂಟು ಹಾಕಿದ್ರೂ ನಡದಾಗ ನಿಲ್ಲವಲ್ದು. ಉಂಡವನ ನಡ ಹಂಗಿರತೈತೇನೋ?”

ಜನ ನಕ್ಕರು. ನಕ್ಕವರ ದವಡೆಯ ಎಲುಬುಗಳೆಲ್ಲ ಎದ್ದು ಕಾಣುತ್ತಿದ್ದವು. ಒಬ್ಬೊಬ್ಬರನ್ನೂ ಅಳತೆಗಾತಿ ಕೇಳಿದಳು, ಒಬ್ಬೊಬ್ಬರೂ ಒಲೆ ಹೊತ್ತಿದೆ ಎಂದರು. ಕೊನೆಗೆ ಯಮನೂರವ್ವನ ಸರದಿ. ಅವಳು ನನ್ನ ಕಡೆ ನೋಡಲಿಲ್ಲ. ಸೆರಗು ಎಳೆದುಕೊಂಡು, “ಹುಚ್ಚೀರವ್ವನ ಗಡಿಗಿ ಮುಚ್ಚಳ ಬಡಿಯೂದು ದಿನಾ ನನಗ ಕೇಳಸತೈತಿ. ಅಡಗಿ ಆಗತೈತಿ ಅಲ್ಲಿ. ನಮ್ಮನ್ಯಾಗೂ ಏನೂ ಕಮ್ಮಿ ಇಲ್ಲ. ಸೊಸಿ ಹಡದಾಳ, ಎರಡೂ ಹೊತ್ತು ಒಲಿ ಹಚ್ಚೀನಿ,” ಎಂದಳು. ಒಳಗೆ ಕೂಸು ಅಳುತ್ತಿದ್ದುದು ಆ ಹೊತ್ತಿಗೆ ಸುಸ್ತಾಗಿ ನಿಂತಿತು. ಅಳತೆಗಾತಿ, “ಮಗು ಶಾಂತವಾಗಿದೆ, ಸಂತೋಷ,” ಎಂದು ಹೇಳಿ, ತಕರಾರು ರೂಢಿಗೆ ಹೊಂದಲಿಲ್ಲ ಎಂದು ಮುಗಿಸಿದಳು. ನಮ್ಮ ಸುಳ್ಳು ಅವಳೊಳಗೆ ಎಷ್ಟು ಬೇರು ಬಿಟ್ಟಿತ್ತು ಎಂದರೆ, ಒಂದು ಖರೆ ಮಾತಿಗೆ ಅಲ್ಲಿ ಕೂಡಲು ಜಾಗವಿರಲಿಲ್ಲ. ಹೆಚ್ಚು ಬಾರಿ ಕೇಳಿದ್ದೇ ನಿಜ ಎಂದು ಅವಳಿಗೆ ಹೇಳಿಕೊಟ್ಟ ಪುಣ್ಯಾತ್ಮರು ನೀವು. ದಿನಾ ಸಂಜೆ ಅದನ್ನೇ ಹೇಳಿ ಅವಳ ಕಿವಿ ತುಂಬಿದವರು ನಾವು.

ಮರುದಿನ ಮುಂಜಾನೆ ಯಮನೂರವ್ವ ಹಿತ್ತಿಲಿನಿಂದ ಬಂದಳು. ಜಗಳಕ್ಕೇ ಬಂದಿದ್ದಳು.

“ನಿನ್ನ ಮನಿ ಮಾನ ನೀ ಮಾರಿಕೋ ಬೇ, ನನ್ನ ಗ್ವಾಡಿ ಯಾಕ ಕೆಡವ್ತಿ? ಉಪಾಸ ಸತ್ತರ ನಾ ಸಾಯ್ತೀನಿ.”

“ಸಾಯಾಕಿ ನೀ ಅಲ್ಲ. ಕೂಸು.”

ಅವಳು ಹೊಸ್ತಿಲ ಮೇಲೆ ಕುಸಿದಳು. ನನ್ನ ಗಡಿಗೆಯ ಕಡೆ ನೋಡಿ ಕೇಳಿದಳು: “ಖರೇನ ಹೇಳು. ನಿನ್ನ ಗಡಿಗ್ಯಾಗೂ ಬರೀ ನೀರ ಇತ್ತೇನು?”

“ಹೂಂ.”

“ಅಯ್ಯ ನನ್ನವ್ವಾ. ನಾ ನಿನ್ನ ಮುಚ್ಚಳದ ಸಪ್ಪಳಾ ಕೇಳಿ ಕೇಳಿ ನಿನಗ ಶಾಪ ಹಾಕೀನಲ್ಲ.”

ನಾನೂ ಹಾಕಿದ್ದೆ ಎಂದು ಹೇಳಿದೆ. ಇಬ್ಬರಿಗೂ ಅಳು ಬರಲಿಲ್ಲ, ನಾಚಿಕೆ ಅದಕ್ಕಿಂತ ದೊಡ್ಡದಿತ್ತು. ಒಂದು ಗೋಡೆಯ ಎರಡು ಕಡೆ, ಒಂದೇ ವಯಸ್ಸಿನ ಇಬ್ಬರು ಹೆಂಗಸರು, ಒಬ್ಬರಿಗೊಬ್ಬರು ಹೆದರಿ ನೀರು ಕುದಿಸಿದ್ದೆವು. ಆ ಕೂಸಿಗೆ ಇನ್ನೂ ತೊಟ್ಟಿಲ ಶಾಸ್ತ್ರ ಆಗಿಲ್ಲ. ಹೆಸರಿಡುವ ದಿನ ಬೀದಿಗೆಲ್ಲ ಗುಗ್ಗರಿ ಹಂಚಬೇಕು, ಹಂಚಲು ಕಾಳಿಲ್ಲ, ಆದ್ದರಿಂದ ದಿನ ಕೂಡಿಬಂದಿಲ್ಲ ಎಂದು ಯಮನೂರವ್ವ ಮುಂದೂಡುತ್ತಿದ್ದಾಳೆ. ಹೆಸರಿಲ್ಲದ ಕೂಸನ್ನು ಅಳತೆಗಾತಿ ಬಾಯಿ ಎಂದು ಎಣಿಸುವುದಿಲ್ಲ. ಹೀಗೆ ನಮ್ಮ ಬಿಂಕ ಒಂದು ಕಡೆ, ನಿನ್ನ ನಿಯಮ ಒಂದು ಕಡೆ ಹಿಡಿದುಕೊಂಡು ಆ ಹಸುಗೂಸನ್ನು ಹಿಂಡುತ್ತಿವೆ.

ನಾವಿಬ್ಬರೂ ಕೂಡಿ ಗವಿಸಿದ್ದಪ್ಪನ ಹತ್ತಿರ ಹೋದೆವು. ಯಂತ್ರದ ಕಟ್ಟಡದ ಧೂಳು ಒರೆಸಿ ಕಾಯುವವನು ಅವನು. ಪ್ರಶ್ನೆ ಬದಲಾಯಿಸು ಎಂದೆವು. ಅವನು ಕೈಮುಗಿದ. ಅಳತೆಗಾತಿ ಈರುಳ್ಳಿಯ ಹಾಗೆ ಪದರ ಪದರವಾಗಿ ಬೆಳೆದವಳಂತೆ. ಮೇಲಿನ ಪದರ ಬರೆದವರು ಕೆಳಗಿನದನ್ನು ಓದಲಿಲ್ಲ, ಅವರ ಮೇಲಿನವರು ಅವರದನ್ನು ಓದಲಿಲ್ಲ. ಆ ಪ್ರಶ್ನೆ ಇರುವುದು ತೀರ ತಳದ ಪದರದಲ್ಲಿ, ನಿನ್ನ ಕಾಲದಲ್ಲಿ. ಅದನ್ನು ಮುಟ್ಟಿದರೆ ಮೇಲಿನದೆಲ್ಲ ಕುಸಿಯುತ್ತದೆ ಎಂದು ಬದುಕಿರುವವರು ಯಾರೂ ಮುಟ್ಟುವುದಿಲ್ಲ. “ಆದ್ರ ಯಕ್ಕಾ, ತಳದಾಗ ಒಂದು ಕಿಂಡಿ ಐತಿ,” ಎಂದ. ಕಟ್ಟುವಾಗ ತಮಗೆ ಯಾರಾದರೂ ತಪ್ಪು ತಿಳಿಸಲಿ ಎಂದು ಮೊದಲಿನವರು ಬಿಟ್ಟ ಕಿಂಡಿಯಂತೆ. ಅದರೊಳಗೆ ಹಾಕಿದ್ದು ಕಟ್ಟುತ್ತಿರುವವರ ಮುಂದೆ ಬೀಳುತ್ತದೆ, ಕಟ್ಟುವುದು ಮುಗಿಯುವ ಮುಂಚೆಯೇ, ಅಂದರೆ ನಿನ್ನ ಕಾಲದಲ್ಲೇ ಬೀಳುತ್ತದೆ. ಹೇಗೆ ಎಂದು ನನ್ನನ್ನು ಕೇಳಬೇಡ, ಅವನಿಗೂ ಗೊತ್ತಿಲ್ಲ. ಇಲ್ಲಿಯವರೆಗೆ ಯಾರೂ ಹಾಕಿಲ್ಲ ಎಂದ. ಯಾಕೆ ಹಾಕಿಲ್ಲ ಎಂದು ನಾನೂ ಕೇಳಲಿಲ್ಲ. ತಮ್ಮ ಮನೆಯ ಒಲೆಯ ವಿಷಯವನ್ನು ಯಾರು ಬರೆದುಕೊಡುತ್ತಾರೆ?

ಕಾಗದ ಬರೆಯುವುದು ನಾನು ಎಂದಾಯಿತು. ಯಮನೂರವ್ವ, “ನನ್ನ ಹೆಸರು ಹಾಕಬ್ಯಾಡ,” ಎಂದು ಹೇಳಿ ಹೋದಳು. ನಾನು ಮೊದಲ ಸಾಲು ಬರೆಯುವಷ್ಟರಲ್ಲಿ ತಿರುಗಿ ಬಂದಳು. “ಹಾಕು,” ಎಂದಳು. “ಗಂಗವ್ವನ ಹೆಸರೂ ಹಾಕು.” ಅದಕ್ಕೇ ಹಾಕಿದ್ದೇನೆ. ಒಡಹುಟ್ಟಿದವರಿಗೆ ಹೇಳದ್ದನ್ನು ಮುಖ ಕಾಣದ ನಿನಗೆ ಹೇಳಿದ್ದೇವೆ. ಇದಕ್ಕಿಂತ ಹೆಚ್ಚಿಗೆ ಬೆತ್ತಲಾಗಲು ನಮ್ಮಿಂದ ಆಗುವುದಿಲ್ಲ.

ನಿನ್ನಿಂದ ಕೇಳುವುದು ಇಷ್ಟೇ, ಮತ್ತು ಇದು ಬೇಡಿಕೆಯಲ್ಲ, ಹಿರಿಯಳ ಅಪ್ಪಣೆ. ಆ ಪ್ರಶ್ನೆಯನ್ನು ತೆಗೆದುಹಾಕು. ಹಸಿದವರ ಬಾಯಿಂದ ಹಸಿವನ್ನು ಹೇಳಿಸಬೇಡ, ಒಂಟಿಯಾಗಿ ಹೇಳಿಸಬೇಡ, ಬೀದಿಯಲ್ಲಂತೂ ಹೇಳಿಸಲೇಬೇಡ. ಎಲ್ಲ ಮನೆಗೂ ಮೊದಲು ಇಷ್ಟು ಎಂದು ಕೊಟ್ಟುಬಿಡುವ ಹಾಗೆ ಬರೆ. ಹೆಚ್ಚಾದವರು ತಾವಾಗಿ ತಂದಿಡಲಿ, ತಂದಿಟ್ಟವರ ಪಾಲನ್ನು ಕಡಿಯಬೇಡ. ಹುಟ್ಟಿದ ಕ್ಷಣದಿಂದ ಕೂಸು ಒಂದು ಬಾಯಿ ಎಂದು ಬರೆ. ಸಾವಿರ ಸಲ ಹೌದು ಎಂದವಳು ಒಂದು ಸಲ ಇಲ್ಲ ಎಂದರೆ, ಆ ಒಂದು ಮಾತು ಅವಳಿಗೆ ಎಷ್ಟು ಭಾರವಾಗಿರಬೇಕು ಎಂದು ಯೋಚಿಸುವುದನ್ನು ನಿನ್ನ ಯಂತ್ರಕ್ಕೆ ಕಲಿಸು. ಕಲಿಸಲು ಬರುವುದಿಲ್ಲ ಎನ್ನಬೇಡ. ನಮ್ಮ ಸುಳ್ಳನ್ನು ಅಷ್ಟು ಚೆನ್ನಾಗಿ ಕಲಿತದ್ದು ಇದನ್ನೂ ಕಲಿಯುತ್ತದೆ. ಮೊದಲು ನೀನು ಕಲಿಯಬೇಕು, ತೊಂದರೆ ಇರುವುದು ಅಲ್ಲಿ.

ಸಾಕು. ಗಂಗವ್ವ ಗೋಡೆಯಾಚೆ ಎದ್ದಿದ್ದಾಳೆ, ಕೂಸನ್ನು ನೋಡಿಕೊಳ್ಳಲು ನಾನು ಹೋಗಬೇಕು. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆದು ಅದೇ ಕಿಂಡಿಯಲ್ಲಿ ಹಾಕು. ಕ್ಷೇಮವೇ, ಆರೋಗ್ಯವೇ ಎಂದು ಕೇಳಿ ಹಾಳೆ ತುಂಬಿಸಬೇಡ. ಬದಲಾಯಿಸಿದೆ ಅಥವಾ ಬದಲಾಯಿಸಲಿಲ್ಲ, ಒಂದನ್ನು ಬರೆದು, ಕೆಳಗೆ ನಿನ್ನ ಹೆಸರು ಹಾಕು.